ಧಣಿಯ ಕಣ್ಣು, ಆಳಿನ ಮನಸ್ಸು

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆಗಳು ವೇದಕ್ಕೆ ಸಮಾನವೆಂದು ತಲೆದೂಗುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಇದನ್ನು ಕಟ್ಟಿದವರು ಯಾರು? ಆಳಂತೂ ಅಲ್ಲ. ಜಗಲಿಯ ಮೇಲೆ ಕುಳಿತು ಹೊಲದ ಕಡೆ ಕಣ್ಣು ನೆಟ್ಟ ಧಣಿಯ ಗಾದೆ ಇದು. ಆ ಕಣ್ಣು ತನ್ನ ಬೆನ್ನ ಮೇಲೆ ಬಿದ್ದಾಗ ಆಳಿಗೆ ಏನನ್ನಿಸಿತು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಹೇಳುವ ಹೊಣೆ ಸಾಹಿತ್ಯದ್ದು.

ಧಣಿಯ ಪಕ್ಷಕ್ಕೆ ಶಾಸ್ತ್ರದ ಬೆಂಬಲ ಎಂದೂ ಕಡಮೆಯಾಗಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನೌಕರರು ಬೊಕ್ಕಸದ ಹಣವನ್ನು ಕಬಳಿಸುವ ಬಗೆಗಳು ನಲವತ್ತು ಎಂದು ಎಣಿಸಿದೆ. ಎಣಿಕೆ ಪೂರ್ಣವಾದುದೇ. ಆದರೆ ಅಷ್ಟೂ ಬಗೆಯ ಸಂದೇಹಗಳ ನಡುವೆ ದಿನ ಬೆಳಗಾದರೆ ಲೆಕ್ಕ ಬರೆಯಲು ಕೂಡುವ ಪ್ರಾಮಾಣಿಕ ಕರಣಿಕನ ಮನಸ್ಸು ಹೇಗಿರುತ್ತದೆ ಎಂಬುದು ಶಾಸ್ತ್ರದ ವಿಷಯವಲ್ಲ, ಕಥೆಗಾರನ ವಿಷಯ.

ಈ ವಿಚಾರವನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಹಿಂದೆ ಹೆಬ್ಬೆಟ್ಟು ಒತ್ತುವವನೆಂದರೆ ಓದುಬರಹ ಬಾರದವನೆಂದು ಅರ್ಥವಿತ್ತು. ಇಂದು ಎಂ.ಎ. ಪದವಿ ಪಡೆದ ನಾವೂ ದಿನಕ್ಕೆರಡು ಸಲ ಯಂತ್ರದ ಮೇಲೆ ಬೆರಳೊತ್ತಿ ಹಾಜರಿ ಹಾಕುತ್ತೇವೆ. ಬೆಂಗಳೂರಿನ ಕಂಪೆನಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹೇಳುವಂತೆ, ಕೆಲವು ನಿಮಿಷ ಕೀಲಿಮಣೆ ಮುಟ್ಟದಿದ್ದರೆ ಅವರ ಹೆಸರಿನ ಮುಂದಿನ ಹಸಿರು ಚುಕ್ಕೆ ಬಣ್ಣ ಬದಲಿಸಿ ಚಾಡಿ ಹೇಳುತ್ತದೆಯಂತೆ. ಚುಕ್ಕೆಯನ್ನು ಹಸಿರಾಗಿಯೇ ಇಡಲು ಮೌಸನ್ನು ತಾನಾಗಿ ಅಲುಗಾಡಿಸುವ ಸಾಧನಗಳೂ ಬಂದಿವೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು, ಕೀಲಿಮಣೆ ಆಡಿಸುತ್ತಿರುವಂತೆ ನಟಿಸಿದರೆಂದು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆಯಿತು. ಒಂದು ಯಂತ್ರ ಕಾಯುತ್ತದೆ, ಇನ್ನೊಂದು ಯಂತ್ರ ಅದನ್ನು ವಂಚಿಸುತ್ತದೆ. ಕೆಲಸವೆಂಬುದು ಇವೆರಡರ ನಡುವೆ ಎಲ್ಲೋ ಕಳೆದುಹೋಗುತ್ತದೆ.

ಇಂಥ ಸಂದರ್ಭದಲ್ಲಿ ವಿದ್ಯಾವಂತರ ಬಾಯಿಗೆ ತಟ್ಟನೆ ಬರುವ ಹೆಸರು ಆರ್ವೆಲ್‌ನದು. 1949ರ ಅವನ ಕಾದಂಬರಿ ದೊಡ್ಡ ಕೃತಿ, ಸರಿ. ಆದರೆ ಅಲ್ಲಿ ಕಾಯುವುದು ಪ್ರಭುತ್ವ. ನಾವು ಸಂಬಳಕ್ಕೆ ಒಪ್ಪಿ, ರುಜು ಹಾಕಿ, ಅನ್ನ ತಿನ್ನುತ್ತಿರುವ ಮನೆಯ ಕಣ್ಣಿನ ಮಾತು ಬೇರೆ. ಅದಕ್ಕೆ ಹತ್ತಿರ ಬರುವುದು ಚಾಪ್ಲಿನ್ನನ ‘ಮಾಡರ್ನ್ ಟೈಮ್ಸ್’. ಕಾರ್ಖಾನೆಯ ಆಳು ಬಚ್ಚಲುಮನೆಗೆ ಹೋಗಿ ಒಂದು ದಮ್ಮು ಎಳೆಯಬೇಕೆನ್ನುವಷ್ಟರಲ್ಲಿ ಗೋಡೆಯ ತುಂಬ ಧಣಿಯ ಮುಖ ಮೂಡಿ, ಕೆಲಸಕ್ಕೆ ನಡೆ ಎಂದು ಗದರಿಸುತ್ತದೆ. ಆ ಚಿತ್ರ ಬಂದದ್ದು 1936ರಲ್ಲಿ! ನಾವು ನಗುತ್ತೇವೆ. ಆದರೆ ಅದೇ ಚಿತ್ರದಲ್ಲಿ, ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಂಡು ಓಡುತ್ತಿರುವಾಗಲೂ ಆ ಬಡಪಾಯಿ ಒಂದು ಕ್ಷಣ ನಿಂತು ಗಡಿಯಾರದ ಯಂತ್ರದಲ್ಲಿ ತನ್ನ ಹಾಜರಿ ಚೀಟಿ ಒತ್ತಿಸಿಕೊಳ್ಳುವುದನ್ನು ಗಮನಿಸಿದರೆ ನಗೆ ಗಂಟಲಲ್ಲಿ ನಿಲ್ಲುತ್ತದೆ. ಧಣಿಯ ಕಣ್ಣು ಅಷ್ಟರಲ್ಲಿ ಗೋಡೆಯಿಂದಿಳಿದು ಅವನ ಮೈಯೊಳಗೆ ಹೊಕ್ಕಿದೆ.

ಮೆಲ್ವಿಲ್ 1853ರಲ್ಲಿ ಬರೆದ ‘ಬಾರ್ಟಲ್‌ಬಿ’ ಕಥೆಯ ಸೂಕ್ಷ್ಮ ಇನ್ನೊಂದು ಬಗೆಯದು. ಅಲ್ಲಿ ಕಥೆ ಹೇಳುವವನೇ ಧಣಿ, ನ್ಯೂಯಾರ್ಕಿನ ಒಬ್ಬ ವಕೀಲ. ನಕಲು ಬರೆಯುವ ಗುಮಾಸ್ತನನ್ನು ತನ್ನ ಕೋಣೆಯಲ್ಲೇ ಕೂರಿಸಿಕೊಂಡು ನಡುವೆ ಒಂದು ಮಡಿಸುವ ತೆರೆ ಇಡುತ್ತಾನೆ: ಕಣ್ಣಿಗೆ ಬೀಳಬಾರದು, ಕೂಗಿದರೆ ಓಗೊಡಬೇಕು. ಗುಮಾಸ್ತ ಒಂದು ದಿನ ಮೆಲ್ಲಗೆ, ಯಾವ ಸಿಟ್ಟೂ ಇಲ್ಲದೆ, ಹೇಳಿದ ಕೆಲಸವನ್ನು ಒಲ್ಲೆನೆನ್ನುತ್ತಾನೆ. ಅಲ್ಲಿಂದ ಮುಂದೆ ಧಣಿ ಅವನನ್ನೇ ನೋಡುತ್ತಾನೆ, ಅವನನ್ನೇ ಯೋಚಿಸುತ್ತಾನೆ. ಆದರೂ ಕಡೆಗೆ ಅವನ ಕೈಗೆ ಸಿಕ್ಕುವುದು, ಗುಮಾಸ್ತನು ಹಿಂದೆ ಎಲ್ಲಿದ್ದನೆಂಬ ಒಂದು ಗಾಳಿಸುದ್ದಿ ಮಾತ್ರ. ಇಷ್ಟು ದಿನ ಮೊಳದಷ್ಟು ದೂರದಲ್ಲಿ ಕೂರಿಸಿಕೊಂಡವನ ಬಗ್ಗೆ ತಿಳಿದದ್ದು ಸೊನ್ನೆ. ಕಾಯುವುದಕ್ಕೂ ಅರಿಯುವುದಕ್ಕೂ ಸಂಬಂಧವಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆಯನ್ನು ನಾನು ಓದಿಲ್ಲ.

ಕನ್ನಡದಲ್ಲಿ ಈ ವಸ್ತುವಿನ ಮಹತ್ವದ ಕೃತಿ ಯಾವುದೆಂದರೆ, ಯಶವಂತ ಚಿತ್ತಾಲರ ‘ಶಿಕಾರಿ’ ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. 1979ರಲ್ಲಿ ಹೊರಬಂದ ಈ ಕಾದಂಬರಿಯನ್ನು ನಾವು ಅಸ್ತಿತ್ವವಾದ, ಅನಾಥಪ್ರಜ್ಞೆ ಎಂಬ ದೊಡ್ಡ ಮಾತುಗಳ ಬೆಳಕಿನಲ್ಲಿಯೇ ಓದುತ್ತ ಬಂದಿದ್ದೇವೆ. ಅದು ಮೊಟ್ಟಮೊದಲಿಗೆ ಒಂದು ಕಂಪೆನಿಯ, ಒಂದು ನೌಕರಿಯ ಕಥೆ ಎಂಬುದನ್ನು ಮರೆಯುತ್ತೇವೆ. ಚಿತ್ತಾಲರು ಸ್ವತಃ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ಬಾಳು ಸವೆಸಿದವರು. ಕಚೇರಿಯ ಕಾಗದಕ್ಕೆ ಎಂಥ ಹಲ್ಲುಗಳಿರುತ್ತವೆ ಎಂಬುದನ್ನು ಬಲ್ಲವರು.

ಉತ್ತರ ಕನ್ನಡದ ಕರಾವಳಿಯಿಂದ ಮುಂಬಯಿಗೆ ಬಂದು ದೊಡ್ಡ ಹುದ್ದೆಗೇರಿದ ನಾಗಪ್ಪನನ್ನು ಕಂಪೆನಿ ಕೆಲಸದಿಂದ ಅಮಾನತ್ತಿನಲ್ಲಿಡುತ್ತದೆ. ಏಕೆಂದು ಅವನಿಗೆ ತಿಳಿಯದು. ತನ್ನ ಮೇಲೆ ಏನು ದೂರಿದೆ, ಅದಕ್ಕೆ ಆಧಾರವನ್ನು ಎಲ್ಲಿಂದ ಹೆಕ್ಕಿದ್ದಾರೆ ಎಂದು ಅವನು ಊಹಿಸುತ್ತ ಹೋಗಬೇಕು. ಮೇಲಧಿಕಾರಿ ಫಿರೋಜ್ ಬಂದೂಕವಾಲಾನ ನಗೆ, ಬಾಲ್ಯದಿಂದ ಬಲ್ಲ ಶ್ರೀನಿವಾಸನ ಆತ್ಮೀಯತೆ—ಇವುಗಳಲ್ಲಿ ಯಾವುದು ಸ್ನೇಹ, ಯಾವುದು ಬೇಹು? ಇಲ್ಲಿ ಕ್ಯಾಮರಾ ಇಲ್ಲ, ಕಂಪ್ಯೂಟರು ಇಲ್ಲ. ಮನುಷ್ಯರ ಕಿವಿ, ನಾಲಗೆ, ಹಳೆಯ ಬದುಕಿನ ಚೂರುಗಳು ಸಾಕಾಗುತ್ತವೆ. ಚಿತ್ತಾಲರ ಹಿರಿಮೆ ಇರುವುದು ಮುಂದಿನ ಹೆಜ್ಜೆಯಲ್ಲಿ: ಬೇಟೆಗಾರರು ಹುಡುಕುವುದಕ್ಕೆ ಮೊದಲೇ ನಾಗಪ್ಪ ತನ್ನ ನೆನಪುಗಳನ್ನೆಲ್ಲ ತಾನೇ ಜಾಲಾಡತೊಡಗುತ್ತಾನೆ. ತನ್ನ ವಿಚಾರಣೆಗೆ ತಾನೇ ಅಧಿಕಾರಿ, ತಾನೇ ಸಾಕ್ಷಿ, ತಾನೇ ಅಪರಾಧಿ. ಅವನ ಸಂಶಯದಲ್ಲಿ ಎಷ್ಟು ನಿಜ, ಎಷ್ಟು ಭ್ರಮೆ ಎಂದು ಓದುಗನಿಗೂ ಹೇಳಲಾಗುವುದಿಲ್ಲ. ಕೆಲವರು ಇದನ್ನು ಕಾದಂಬರಿಯ ಅಸ್ಪಷ್ಟತೆ ಎಂದಾರು. ನನಗೆ ಅದೇ ಅದರ ಸತ್ಯವೆಂದು ತೋರುತ್ತದೆ. ಕಾಯಲ್ಪಡುವವನ ರೋಗವೇ ಅದು.

ಇದರ ಸಣ್ಣ ರೂಪವನ್ನು ನಾನೂ ಕಂಡಿದ್ದೇನೆ. ನಾನು ಪಾಠ ಹೇಳಿದ ಒಂದು ಕಾಲೇಜಿನಲ್ಲಿ ತರಗತಿಗಳಿಗೆ ಕ್ಯಾಮರಾ ಬಂತು. ಅದಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ಪದ್ಯವೊಂದನ್ನು ಓದಿ ಮುಗಿಸಿದ ಮೇಲೆ, ಅದು ಹುಡುಗರ ಮನಸ್ಸಿಗೆ ಇಳಿಯಲೆಂದು ಎರಡು ಮೂರು ನಿಮಿಷ ಸುಮ್ಮನೆ ನಿಲ್ಲುವುದು ನನ್ನ ಪದ್ಧತಿ. ಹೀಗೆ ನಿಂತದ್ದೇಕೆಂದು ಆಡಳಿತದಿಂದ ವಿವರಣೆ ಕೇಳಿ ಕಾಗದ ಬಂತು. ಉತ್ತರವೇನೋ ಬರೆದುಕೊಟ್ಟೆ. ಆದರೆ ಆಮೇಲೆ ಬಹಳ ದಿನ, ಪದ್ಯ ಮುಗಿದ ಕೂಡಲೇ ಕಣ್ಣು ಹುಡುಗರ ಕಡೆಗಲ್ಲ, ಮೂಲೆಯ ಕಡೆಗೆ ಹೋಗುತ್ತಿತ್ತು. ಕಾಯುವ ಕಣ್ಣು ಮೊದಲು ನುಂಗುವುದು ಸೋಮಾರಿತನವನ್ನಲ್ಲ, ಕೆಲಸದೊಳಗಿನ ಮೌನವನ್ನು.

‘ಶಿಕಾರಿ’ಯ ಬಗ್ಗೆ ನನ್ನದೊಂದು ಆಕ್ಷೇಪವೂ ಇದೆ. ನಾಗಪ್ಪನ ಹೋರಾಟದ ಬಹುಪಾಲು ಅವನ ತಲೆಯೊಳಗೇ ನಡೆಯುತ್ತದೆ. ಪಕ್ಕದ ಮೇಜಿನವನು, ಜವಾನ, ಬೆರಳಚ್ಚುಗಾರ್ತಿ—ಇವರ ಮೇಲೂ ಅದೇ ಕಣ್ಣು ಬಿದ್ದಿರುತ್ತದಲ್ಲವೆ? ಒಂಟಿತನವನ್ನೇ ಮನುಷ್ಯನ ಪಾಡೆಂದು ನಂಬಿದ ನವ್ಯದ ಕಾಲ ಅದು. ಒಬ್ಬನು ಇನ್ನೊಬ್ಬನಿಗೆ ‘ನಿನಗೂ ಹೀಗೆಯೇ?’ ಎಂದು ಕೇಳುವ ಅವಕಾಶವನ್ನು ಕಾದಂಬರಿ ಸಾಕಷ್ಟು ಕೊಡುವುದಿಲ್ಲ. ಕಾವಲಿನ ಬಲವಿರುವುದೇ, ಪ್ರತಿಯೊಬ್ಬನೂ ತನ್ನನ್ನು ಮಾತ್ರ ನೋಡುತ್ತಿದ್ದಾರೆಂದು ತಿಳಿಯುವುದರಲ್ಲಿ.

ಕಾದಂಬರಿ ಎತ್ತಿದ ಪ್ರಶ್ನೆಯನ್ನು ನ್ಯಾಯಾಲಯಗಳೂ ಎತ್ತಿವೆ. ಕಚೇರಿಯ ಕೆಲಸಕ್ಕೆಂದು ತೆರೆದ ಖಾತೆಯಲ್ಲಿ ಮನೆಯವರೊಂದಿಗೆ ಸಂದೇಶ ಹಂಚಿಕೊಂಡನೆಂದು ರುಮೇನಿಯದ ಒಬ್ಬ ನೌಕರ 2007ರಲ್ಲಿ ಕೆಲಸ ಕಳೆದುಕೊಂಡ. ಐರೋಪ್ಯ ಮಾನವಹಕ್ಕುಗಳ ನ್ಯಾಯಾಲಯದ ಹಿರಿಯ ಪೀಠ 2017ರಲ್ಲಿ ಅವನ ಪರವಾಗಿ ತೀರ್ಪಿತ್ತಿತು. ಏನನ್ನು, ಎಷ್ಟರಮಟ್ಟಿಗೆ ಕಾಯಲಾಗುತ್ತದೆ ಎಂದು ಮುಂಚಿತವಾಗಿ ತಿಳಿಸಿದ್ದರೋ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆಗಳಲ್ಲೊಂದು. ಅದೇ ವರ್ಷ ನಮ್ಮ ಸರ್ವೋಚ್ಚ ನ್ಯಾಯಾಲಯವೂ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರ ದತ್ತಾಂಶ ರಕ್ಷಣೆಯ ಕಾಯಿದೆ, ನೌಕರಿಯ ಉದ್ದೇಶಗಳಿಗೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಧಣಿಗೆ ಒಂದು ಬಾಗಿಲು ತೆರೆದಿಟ್ಟಿದೆ.

ಇಲ್ಲಿ ಯಾರಾದರೂ ಕಾಯಕದ ಮಾತೆತ್ತಬಹುದು. ಒಳಗೆ ನಿಷ್ಠೆಯಿದ್ದವನಿಗೆ ಹೊರಗಿನ ಕಣ್ಣಿನ ಭಯವೇಕೆ? ಈ ವಾದವನ್ನು ಇಂದು ಆಡಳಿತದವರು ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ಹಾಗಾದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಸರಿಯಾಗಿ ಓದೋಣ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಿರುಗಿಸೆಂದು ಹೆಂಡತಿ ಲಕ್ಕಮ್ಮ ಹೇಳುತ್ತಾಳೆ. ಅಲ್ಲಿ ಅಳೆದವರು ಯಾರು? ಅಂಗಳದ ಒಡೆಯನಲ್ಲ, ಸರಿಸಮನಾಗಿ ನಿಂತ ಸಂಗಾತಿ. ಅಳತೆಯ ಕೊಳಗ ದುಡಿಯುವವರ ಕೈಯಲ್ಲೇ ಇತ್ತು. ಅವಳು ತಡೆದದ್ದು ಆಸೆಯನ್ನೇ ಹೊರತು ವಿಶ್ರಾಂತಿಯನ್ನಲ್ಲ. ಈ ಕಥೆಯನ್ನು ಹೆಬ್ಬೆಟ್ಟಿನ ಯಂತ್ರದ ಮೇಲೆ ತೂಗುಹಾಕುವುದು ಶರಣರಿಗೆ ಮಾಡುವ ಅಪಚಾರ. ಕಾಯಕಕ್ಕೆ ನಂಬಿಕೆ ಬೇಕು, ಕಾವಲಿಗೆ ಅಪನಂಬಿಕೆ ಬೇಕು. ಎರಡನ್ನೂ ಒಂದೇ ಬಾಯಿಂದ ಕೇಳಬಾರದು.

ಹಾಗಾದರೆ ಕಣ್ಣಿನ ಕೆಳಗೆ ದುಡಿಯುವವನು ಮಾಡಬೇಕಾದದ್ದೇನು? ಎಲ್ಲರೂ ಬಾರ್ಟಲ್‌ಬಿಯಂತೆ ಒಲ್ಲೆನೆಂದರೆ ಮನೆಯ ಒಲೆ ಉರಿಯದು. ಮೌಸು ಅಲುಗಾಡಿಸುವುದು ಜಾಣತನವಿರಬಹುದು, ಬಿಡುಗಡೆಯಲ್ಲ. ಅದೂ ಧಣಿಯ ಅಳತೆಯನ್ನೇ ಒಪ್ಪಿಕೊಂಡ ಆಟ. ಏನನ್ನು ನೋಡುತ್ತೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಬರಹದಲ್ಲಿ ಕೇಳುವುದು ಮೊದಲ ಹೆಜ್ಜೆ. ಪಕ್ಕದವನನ್ನು ಜೊತೆಗೆ ಕರೆದುಕೊಂಡು ಕೇಳುವುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಅದನ್ನು ಕಲಿಸಬಲ್ಲದ್ದು ಸಾಹಿತ್ಯ ಮಾತ್ರ: ತನ್ನ ಕೆಲಸ ಚೆನ್ನಾಯಿತೋ ಇಲ್ಲವೋ ಎಂಬ ತೀರ್ಮಾನವನ್ನು ಹಸಿರು ಚುಕ್ಕೆಗೆ ಬಿಟ್ಟುಕೊಡದಿರುವುದು. ಧಣಿಗೆ ನಮ್ಮ ಹೊತ್ತನ್ನು ಮಾರಿದ್ದೇವೆ, ನಿಜ. ನಮ್ಮನ್ನು ನಾವು ನೋಡಿಕೊಳ್ಳುವ ಕಣ್ಣನ್ನು ಮಾರಿಲ್ಲ.