ಮಿಲ್ಲರನ ‘ದಿ ಕ್ರೂಸಿಬಲ್’ ನಾಟಕದಲ್ಲಿ ತಪ್ಪೊಪ್ಪಿಗೆಯ ಸ್ವರೂಪ

‘ಕ್ರೂಸಿಬಲ್’ ಎಂದರೆ ಲೋಹವನ್ನು ಕರಗಿಸಿ ಕಲ್ಮಷವನ್ನು ಬೇರ್ಪಡಿಸುವ ಮೂಸೆ. ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ (೧೯೧೫–೨೦೦೫) ೧೯೫೩ರಲ್ಲಿ ರಂಗಕ್ಕೆ ತಂದ ತನ್ನ ನಾಟಕಕ್ಕೆ ಈ ಹೆಸರನ್ನಿಟ್ಟುದು ಸಾರ್ಥಕವಾಗಿದೆ. ೧೬೯೨ರಲ್ಲಿ ಮ್ಯಾಸಚೂಸೆಟ್ಸಿನ ಸೇಲಂನಲ್ಲಿ ನಡೆದ ಮಾಟಗಾತಿಯರ ವಿಚಾರಣೆಯೇ ಇದರ ವಸ್ತು. ಆ ಪ್ರಕರಣದಲ್ಲಿ ಹತ್ತೊಂಬತ್ತು ಮಂದಿ ನೇಣಿಗೇರಿದರು. ಗೈಲ್ಸ್ ಕೋರಿ ಎಂಬ ವೃದ್ಧನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಲ್ಲಲಾಯಿತು. ಅಮೆರಿಕದಲ್ಲಿ ಆಗ ನಡೆಯುತ್ತಿದ್ದ ಕಮ್ಯುನಿಸ್ಟರ ಬೇಟೆಗೆ ಈ ನಾಟಕ ಹಿಡಿದ ಕನ್ನಡಿಯೆಂಬುದು ಸರ್ವವಿದಿತ. ೧೯೫೬ರಲ್ಲಿ ಸಂಸತ್ತಿನ ಸಮಿತಿಯೆದುರು ನಿಂತ ಮಿಲ್ಲರನು ಪರರ ಹೆಸರುಗಳನ್ನು ಹೇಳಲು ನಿರಾಕರಿಸಿದನೆಂಬುದೂ ಪ್ರಸಿದ್ಧವೇ. ಆದರೆ ರಾಜಕೀಯ ರೂಪಕವೆಂದಷ್ಟೇ ಓದಿದರೆ ನಾಟಕದ ಜೀವಾಳ ಕೈತಪ್ಪುತ್ತದೆ. ತಪ್ಪೊಪ್ಪಿಗೆ ಎಂಬುದು ಯಾವಾಗ ಶುದ್ಧಿ, ಯಾವಾಗ ಪತನ ಎಂಬುದೇ ಇಲ್ಲಿಯ ಮೂಲ ಪ್ರಶ್ನೆ.

ಸೇಲಂನ ಜನರ ಪ್ರೇರಣೆಗಳನ್ನು ನಾಟಕಕಾರನು ಮೊದಲ ಅಂಕದಲ್ಲಿಯೇ ಬಿಚ್ಚಿಡುತ್ತಾನೆ. ಪಾದ್ರಿ ಪ್ಯಾರಿಸನಿಗೆ ತನ್ನ ಪೀಠದ ಭಯ. ಥಾಮಸ್ ಪುಟ್ನಮನಿಗೆ ನೆರೆಯವರ ನೆಲದ ಆಸೆ. ಏಳು ಶಿಶುಗಳನ್ನು ಮಣ್ಣಿಗಿಟ್ಟ ಅವನ ಹೆಂಡತಿಗೆ ತನ್ನ ದುಃಖಕ್ಕೊಬ್ಬ ಅಪರಾಧಿ ಬೇಕು. ಮನೆಯಿಂದ ಹೊರದೂಡಲ್ಪಟ್ಟ ಅಬಿಗೈಲಳಿಗೆ ಜಾನ್ ಪ್ರಾಕ್ಟರನ ಹೆಂಡತಿಯ ಸ್ಥಾನ ಬೇಕು. ಇವರಲ್ಲಿ ಯಾರೂ ತಮ್ಮ ಬಯಕೆಯನ್ನು ಅದರ ನಿಜನಾಮದಿಂದ ಕರೆಯುವುದಿಲ್ಲ. ಎಲ್ಲವೂ ಧರ್ಮರಕ್ಷಣೆಯ ವೇಷ ತೊಟ್ಟು ಬರುತ್ತದೆ. ಬಾರ್ಬಡೋಸಿನಿಂದ ಬಂದ ದಾಸಿ ಟಿಟುಬಾ ಪ್ರಾಣಭಯದಿಂದ ತಪ್ಪೊಪ್ಪಿಕೊಂಡ ಕ್ಷಣದಲ್ಲಿ ಈ ವೇಷಕ್ಕೊಂದು ದಾರಿ ತೆರೆಯುತ್ತದೆ. ಸುಳ್ಳನ್ನು ಒಪ್ಪಿಕೊಂಡು ಇತರರ ಹೆಸರು ಹೇಳಿದವರಿಗೆ ಜೀವದಾನ. ಸತ್ಯಕ್ಕೆ ಅಂಟಿಕೊಂಡವರಿಗೆ ನೇಣು.

ಈ ವಿಪರೀತ ನ್ಯಾಯಕ್ಕೆ ಎದುರಾಗಿ ಮಿಲ್ಲರನು ಪ್ರಾಕ್ಟರ್ ದಂಪತಿಗಳ ಮನೆಯನ್ನು ನಿಲ್ಲಿಸುತ್ತಾನೆ. ಗಂಡನು ಅಬಿಗೈಲಳೊಡನೆ ಎಸಗಿದ ಅಪರಾಧವನ್ನು ಹೆಂಡತಿಗೆ ಎಂದೋ ನಿವೇದಿಸಿಕೊಂಡಿದ್ದಾನೆ. ಆದರೂ ಎರಡನೆಯ ಅಂಕದಲ್ಲಿ ಅವರ ಊಟದ ಮನೆಯೇ ಒಂದು ನ್ಯಾಯಾಲಯದಂತಿದೆ. ಎಲಿಜಬೆತ್ ನುಡಿಗಿಂತ ಮೌನದಿಂದಲೇ ವಿಚಾರಣೆ ನಡೆಸುತ್ತಾಳೆ. ಜಾನ್ ಪ್ರತಿ ಮಾತಿಗೂ ಸಮಜಾಯಿಷಿ ಕೊಡುತ್ತಾನೆ. ಪಾದ್ರಿ ಹೇಲನ ಎದುರು ದಶಾಜ್ಞೆಗಳನ್ನು ಒಪ್ಪಿಸುವಾಗ ಅವನು ಮರೆಯುವುದು ವ್ಯಭಿಚಾರ ನಿಷೇಧವೊಂದನ್ನೇ; ಅದನ್ನು ನೆನಪಿಸುವವಳು ಎಲಿಜಬೆತ್. ನಗೆಯನ್ನೂ ಸಂಕಟವನ್ನೂ ಒಟ್ಟಿಗೆ ತರುವ ಈ ಪ್ರಸಂಗದಲ್ಲಿ ದಾಂಪತ್ಯದ ಸ್ಥಿತಿಯೆಲ್ಲ ಅಡಕವಾಗಿದೆ.

ಮೂರನೆಯ ಅಂಕದಲ್ಲಿ, ಹೆಂಡತಿಯನ್ನು ಉಳಿಸಲೆಂದು ಜಾನ್ ತುಂಬಿದ ಸಭೆಯಲ್ಲಿ ತನ್ನ ವ್ಯಭಿಚಾರವನ್ನು ಒಪ್ಪಿಕೊಳ್ಳುತ್ತಾನೆ. ನಾಟಕದಲ್ಲಿ ನ್ಯಾಯಾಲಯವು ಕೇಳುವ ನಿಜವಾದ ತಪ್ಪೊಪ್ಪಿಗೆ ಇದು. ನ್ಯಾಯಾಲಯವು ನಂಬದಿರುವುದೂ ಇದನ್ನೇ. ಪರೀಕ್ಷೆಗಾಗಿ ಕರೆಸಿದ ಎಲಿಜಬೆತ್, ಎಂದೂ ಸುಳ್ಳಾಡದವಳೆಂದು ಗಂಡನು ಹೊಗಳಿದವಳು, ಅವನ ಮಾನವನ್ನು ಕಾಯಲೆಂದು ಸುಳ್ಳಾಡುತ್ತಾಳೆ. ಆ ಸುಳ್ಳಿನ ಹಿಂದಿರುವುದು ಪ್ರೇಮ. ಅದರ ಫಲ ಸರ್ವನಾಶ. ಇಷ್ಟು ಕಾಲ ತೀರ್ಪುಗಾರ್ತಿಯಾಗಿದ್ದವಳು ಮೊದಲ ಬಾರಿಗೆ ಗಂಡನನ್ನು ತೀರ್ಪಿನಿಂದ ಮರೆಮಾಡಲು ಯತ್ನಿಸುತ್ತಾಳೆ, ಅದೇ ಕ್ಷಣದಲ್ಲಿ ಅವನ ಸತ್ಯವನ್ನು ಕೊಲ್ಲುತ್ತಾಳೆ. ನಾಟಕದಲ್ಲಿ ಇದಕ್ಕಿಂತ ದಾರುಣವಾದ ಘಳಿಗೆ ಇನ್ನೊಂದಿಲ್ಲ.

ಕೊನೆಯ ಅಂಕದಲ್ಲಿ ಜಾನ್ ಸುಳ್ಳು ಒಪ್ಪಿಗೆಗೆ ಸಿದ್ಧನಾಗುವುದು ಕೇವಲ ಸಾವಿನ ಭಯದಿಂದಲ್ಲ. ರೆಬೆಕ್ಕಾ ನರ್ಸಳಂತಹ ಸಾಧ್ವಿಯ ಸಾಲಿನಲ್ಲಿ ನಿಂತು ಪ್ರಾಣ ಕೊಡಲು ತಾನು ಅಯೋಗ್ಯನೆಂಬ ಆತ್ಮಗ್ಲಾನಿ ಅವನನ್ನು ಕಾಡುತ್ತದೆ. ಆಗ ಎಲಿಜಬೆತ್ ತನ್ನ ಪ್ರೀತಿಯಲ್ಲಿದ್ದ ಶೈತ್ಯವನ್ನೂ ಶಂಕೆಯನ್ನೂ ತಾನೇ ನಿವೇದಿಸಿಕೊಂಡು, ಅವನನ್ನು ಅಳೆಯುವ ಅಧಿಕಾರ ತನಗಿಲ್ಲವೆನ್ನುತ್ತಾಳೆ. ಯಾರೂ ಕೇಳದೆ, ಯಾವ ಪ್ರತಿಫಲವನ್ನೂ ಬಯಸದೆ ಬಂದ ಒಪ್ಪಿಗೆ ಇದು. ನನ್ನ ದೃಷ್ಟಿಯಲ್ಲಿ ಜಾನ್ ಒಪ್ಪಿಗೆಪತ್ರವನ್ನು ಹರಿದೊಗೆಯುವ ಬಲ ಪಡೆಯುವುದು ಇಲ್ಲಿಂದಲೇ. ಹೆಂಡತಿ ನ್ಯಾಯಪೀಠದಿಂದ ಕೆಳಗಿಳಿದಾಗ ಅವನಿಗೆ ತನ್ನ ಅಂತಃಸಾಕ್ಷಿಯ ಎದುರು ತಾನೇ ನಿಲ್ಲುವುದು ಸಾಧ್ಯವಾಗುತ್ತದೆ. ಡ್ಯಾನ್‌ಫೋರ್ತ್‌ಗೆ ಹಾಗೆ ಇಳಿಯುವುದು ಸಾಧ್ಯವಿಲ್ಲ; ಈಗ ನೇಣನ್ನು ಮುಂದೂಡಿದರೆ ಹಿಂದೆ ಕೊಟ್ಟ ನೇಣುಗಳೂ ಶಂಕಾಸ್ಪದವಾಗುತ್ತವೆ. ಹೇಲನು ಪಶ್ಚಾತ್ತಾಪಪಟ್ಟವನು ನಿಜ; ಆದರೆ ಸುಳ್ಳಾಡಿಯಾದರೂ ಬದುಕಿರೆಂದು ಬೇಡುವ ಅವನ ಕರುಣೆ ಜಾನನ ಮನಸ್ಸನ್ನು ಮುಟ್ಟದು.

ನಾಟಕಕ್ಕೆ ಒಂದು ಕೊರತೆಯಿದೆಯೆನ್ನದೆ ವಿಧಿಯಿಲ್ಲ. ಇತಿಹಾಸದ ಅಬಿಗೈಲ್ ಹನ್ನೊಂದು–ಹನ್ನೆರಡು ವರ್ಷದ ಬಾಲೆ, ಪ್ರಾಕ್ಟರ್ ಅರುವತ್ತರ ಆಸುಪಾಸಿನವನು. ಮಿಲ್ಲರನು ಅವಳ ವಯಸ್ಸನ್ನು ಏರಿಸಿ, ಅವನದನ್ನು ಇಳಿಸಿ ಈ ಸಂಬಂಧವನ್ನು ಕಲ್ಪಿಸಿದನು. ಕಲ್ಪನೆ ಕವಿಯ ಹಕ್ಕು. ಆದರೆ ಕಣ್ಣೆದುರೇ ತಂದೆತಾಯಿಗಳ ಕೊಲೆಯನ್ನು ಕಂಡವಳೆಂದು ತಾನೇ ಸೂಚಿಸಿದ ಅನಾಥೆಯ ಒಳಗನ್ನು ಅವನು ಮುಂದೆ ಶೋಧಿಸುವುದಿಲ್ಲ. ಪ್ರಾಕ್ಟರನಿಗೆ ದೊರೆತ ಸಹಾನುಭೂತಿಯಲ್ಲಿ ಒಂದಂಶವೂ ಅವಳಿಗೆ ದೊರೆಯದು. ಯಜಮಾನನ ಅಪರಾಧದ ಭಾರ ಕೆಲಸದ ಹುಡುಗಿಯ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.

ವಚನಗಳ ಪರಿಚಯವುಳ್ಳ ಓದುಗರಿಗೆ ಈ ನಾಟಕದ ಹೃದಯ ಅಪರಿಚಿತವಲ್ಲ. ಶರಣರು ಲೋಕದ ಡೊಂಕನ್ನು ಖಂಡಿಸಿದಷ್ಟೇ ನಿಷ್ಠುರವಾಗಿ ತಮ್ಮ ಅಂತರಂಗವನ್ನೂ ಪರೀಕ್ಷಿಸಿಕೊಂಡರು. ಅವರ ನಿವೇದನೆ ದೇವರ ಮುಂದಿನ ಸ್ವಯಂಪ್ರೇರಿತ ನಿವೇದನೆ. ಅಧಿಕಾರದ ಭಯದಿಂದ ಹಿಂಡಿ ತೆಗೆದುದಲ್ಲ. ಸೇಲಂನಲ್ಲಿ ಧರ್ಮವು ಆತ್ಮಶೋಧನೆಯನ್ನು ಬಿಟ್ಟು ಪರಶೋಧನೆಗೆ ತೊಡಗಿತು. ಪೀಠದಲ್ಲಿದ್ದವರು ತಮ್ಮ ಭಯವನ್ನೇ ದೇವರ ಆಜ್ಞೆಯೆಂದು ತಿಳಿದರು. ಧರ್ಮದ ಹೆಸರಿನಲ್ಲಿ ಮಾತನಾಡುವ ಹೊಣೆ ಹೊತ್ತ ನಾವೆಲ್ಲರೂ ಈ ಕಾರಣಕ್ಕಾಗಿಯಾದರೂ ಈ ನಾಟಕವನ್ನು ಓದಬೇಕು. ಮೂಸೆಯಲ್ಲಿ ಇಡಬೇಕಾದುದು ಮೊದಲು ನಮ್ಮ ಮನಸ್ಸನ್ನು, ನೆರೆಯವನನ್ನಲ್ಲ.