ವಶೀಕರಣವೂ ವಿವೇಕವೂ

೧೯೭೪ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಆಟದಲ್ಲಿ ವಶೀಕರಣಕ್ಕೂ ನಿಯಮವುಂಟು. ಅದರ ೨೦೧೪ರ ಆವೃತ್ತಿಯ ಪ್ರಕಾರ, ಮಂತ್ರಕ್ಕೆ ಸಿಕ್ಕಿದವನು ಒಂದು ಗಂಟೆಯವರೆಗೆ ಮಾಂತ್ರಿಕನನ್ನು ಸ್ನೇಹಪರನಾದ ಪರಿಚಿತನೆಂದು ಭಾವಿಸುವನು; ಅವನ ಮೇಲೆ ಕೈಮಾಡಲಾರನು. ಇದನ್ನೋದಿ, ವಶನಾದವನು ದಾಸನೇ ಆದನೆಂದು ಅರ್ಥಮಾಡುವವರಿದ್ದಾರೆ. ಅದು ಸರಿಯಲ್ಲ. ಪರಿಚಿತನು ಕೇಳಿದನೆಂದು ಯಾರೂ ಮನೆಯ ಬೀಗದಕೈಯನ್ನು ಒಪ್ಪಿಸರು. ಮಾಂತ್ರಿಕನ ಕಡೆಯವರು ಕೇಡೆಸಗಿದೊಡನೆ ಮಂತ್ರವು ಮುರಿಯುವುದೆಂದೂ ನಿಯಮವೇ ಹೇಳುತ್ತದೆ. ಆದುದರಿಂದ ಮರುಳಾಗುವುದು ನೋಟ. ವಿವೇಕವು ಉಳಿದೇ ಇರುವುದು.

ನಿಯಮದ ತಿರುಳಿರುವುದು ಅದರ ಕೊನೆಯ ಮಾತಿನಲ್ಲಿ: ಮಂತ್ರವಿಳಿದಾಗ, ತನ್ನನ್ನು ವಶಮಾಡಿದವರಾರೆಂಬುದು ಅವನಿಗೆ ತಿಳಿಯುವುದು. ಮಹಾಭಾರತದ ವನಪರ್ವದಲ್ಲಿ, ಪತಿಗಳನ್ನು ಒಲಿಸಿದುದು ಮಂತ್ರದಿಂದಲೋ ಬೇರಿನಿಂದಲೋ ಎಂದು ಸತ್ಯಭಾಮೆಯು ಕೇಳಲು, ದ್ರೌಪದಿಯು ಕೊಟ್ಟ ಉತ್ತರದ ಮರ್ಮವೂ ಇದೇ. ಮಂತ್ರಪ್ರಯೋಗವನ್ನರಿತ ಗಂಡನು, ಮನೆಯೊಳಗೆ ಹಾವು ಹೊಕ್ಕಾಗ ಅಂಜುವಂತೆ, ಹೆಂಡತಿಗೆ ಅಂಜುವನು.

ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ–ದುಗ್ಗಳೆಯರನ್ನು ಜನರು ಇಂದಿಗೂ ಕೊಂಡಾಡುವುದು ಅವರ ಒಮ್ಮನಕ್ಕಾಗಿ. ಅಂಥ ಒಲವು ಗಂಟೆಯ ಲೆಕ್ಕಕ್ಕೆ ಸಿಕ್ಕದು. ಆಟದ ಸೂತ್ರಧಾರನಾದವನು ಆ ಒಂದು ಗಂಟೆಯನ್ನಷ್ಟೇ ಎಣಿಸದೆ, ಅದು ಕಳೆದ ಮೇಲೆ ಮಾಂತ್ರಿಕನು ತೆರಬೇಕಾದ ನಂಬಿಕೆಯ ನಷ್ಟವನ್ನೂ ಎಣಿಸುವುದು ನ್ಯಾಯ.