ವಸ್ತುಸಂಗ್ರಹಾಲಯ ಸೇರಿದ ಎರಡು ವೀರಗಲ್ಲುಗಳು

ಬೆಂಗಳೂರಿನ ಕಸ್ತೂರಬಾ ರಸ್ತೆಗೆ ಶನಿವಾರ ಭಾನುವಾರಗಳ ಬಿಡುವಿನಲ್ಲಿ ಬರುವ ಜನಸಮೂಹ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯವನ್ನು ಹೊಗುವುದೇ ವಾಡಿಕೆ. ಅದರ ನೆರೆಯಲ್ಲಿರುವ, 1865ರಲ್ಲಿ ಎಡ್ವರ್ಡ್ ಬಾಲ್ಫರನ ಪ್ರಯತ್ನದಿಂದ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅಪರಿಚಿತವಾಗಿಯೇ ಉಳಿದಿದೆ. ಕನ್ನಡದ ಅಭ್ಯಾಸಿಗಳ ಮಟ್ಟಿಗೆ ಇದು ಶೋಚನೀಯವಾದ ಸಂಗತಿ. ಏಕೆಂದರೆ ತರಗತಿಗಳಲ್ಲಿ ನಾವು ಪದೇ ಪದೇ ಹೆಸರಿಸುವ ಆತಕೂರಿನ ಮತ್ತು ಬೇಗೂರಿನ ವೀರಗಲ್ಲುಗಳು ಸೇರಿರುವುದು ಈ ಸಂಗ್ರಹವನ್ನೇ.

ಶಕ 872, ಅಂದರೆ ಕ್ರಿ.ಶ. 949-50ರ ಆತಕೂರಿನ ಶಾಸನದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ವೃತ್ತಾಂತವಿದೆ. ಆ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಬೂತುಗನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ ಅವನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು. ಅದಕ್ಕೆ ಭೂಮಿಯೂ ದತ್ತಿಯಾಯಿತು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ.

ಇತಿಹಾಸಕಾರರು ಇದರಿಂದ ತಕ್ಕೋಲವನ್ನು ಆಯ್ದುಕೊಳ್ಳುತ್ತಾರೆ; ಸಾಹಿತ್ಯದ ಅಧ್ಯಾಪಕರು ಕಾಳಿಯನ್ನು. ಆದರೆ ಶಾಸನದ ಮುಖ್ಯವಾದ ಮಾತು ಇವೆರಡರಲ್ಲಿಯೂ ಇಲ್ಲವೆಂದು ನನ್ನ ಅಭಿಪ್ರಾಯ. ಆ ಭೂಮಿಯನ್ನು ಅನುಭವಿಸುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಗಲುವುದೆಂದು ಶಾಸನ ವಿಧಿಸಿದೆ. ಕಲ್ಲು, ಗುಡಿ, ಗದ್ದೆ, ಗೊರವನ ಊಟ ಇವೆಲ್ಲ ಸೇರಿದ ಒಂದು ಏರ್ಪಾಟು ಇದು. ಬರಹ ಅದರ ಒಂದು ಅಂಗ ಮಾತ್ರ. ವಸ್ತುಸಂಗ್ರಹಾಲಯಕ್ಕೆ ಬಂದದ್ದು ಆ ಅಂಗವೊಂದೇ. ಕಲ್ಲು ಉಳಿಯಿತೆಂಬ ಉಪಕಾರವನ್ನು ಮರೆಯುವಂತಿಲ್ಲ. ಬಟ್ಟೆ ಒಗೆಯುವ ಹಾಸುಗಲ್ಲುಗಳಾಗಿ ಸವೆದ ಶಾಸನಗಳು ನಾಡಿನಲ್ಲಿ ಕಡಮೆಯಲ್ಲ. ಆದರೂ ಇಂತಹ ಶಿಲೆಯ ಬಳಿ ವಂಶದ ಹೆಸರನ್ನೂ ಶತಮಾನವನ್ನೂ ಬರೆದ ಫಲಕವಿದ್ದರೆ ಸಾಲದು. ಗೊರವನಿಗೆ ಹಾಕಿದ ಕಟ್ಟಳೆ ಅಲ್ಲಿ ಓದಲು ಸಿಕ್ಕಬೇಕು. ಇಲ್ಲವಾದರೆ ನಾವು ನೋಡುವುದು ಶಿಲ್ಪವನ್ನು, ಶಾಸನವನ್ನಲ್ಲ.

ಈ ವಿಷಯದಲ್ಲಿ ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅನುಸರಿಸಿದ ಕ್ರಮ ಹೆಚ್ಚು ವಿವೇಕದ್ದು. ರಾಜವಂಶಗಳನ್ನು ಬಿಟ್ಟು ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡುದರಿಂದ ಆತಕೂರಿನ ಶಾಸನ ಇಂದಿಗೂ ಮಂಡ್ಯ ತಾಲ್ಲೂಕಿನ 41ನೆಯದು. ಕಲ್ಲು ಊರು ಬಿಟ್ಟರೂ ಅದರ ವಿಳಾಸ ಗ್ರಂಥದಲ್ಲಿ ಉಳಿದಿದೆ.

ಬೇಗೂರಿನ ಕಲ್ಲಿನ ವಿಚಾರದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಎರೆಯಪ್ಪನ ಅಪ್ಪಣೆಯಂತೆ ವೀರಮಹೇಂದ್ರನ ಮೇಲೆ ಯುದ್ಧಕ್ಕೆ ಹೋದ ನಾಗತ್ತರನು ಆನೆಗಳ ನಡುವೆ ಕಾದಿ ಸತ್ತದ್ದು ಅದರ ವಸ್ತು. ಆ ಕಾಳಗದ ನೂಕುನುಗ್ಗಲನ್ನು ಶಿಲ್ಪಿ ಒಂದೇ ಹಲಗೆಯಲ್ಲಿ ತುಂಬಿದ್ದಾನೆ. ಶನಿವಾರ ಇದನ್ನು ನೋಡಿದವರು ಭಾನುವಾರ ಬೇಗೂರಿಗೇ ಹೋಗಬಹುದು. ಇಂದು ಅದು ನಗರದೊಳಗೇ ಸೇರಿಹೋಗಿದೆ. ಬೆಂಗಳೂರಿನ ಕಾಳಗವನ್ನು ಹೇಳುವ, ಸುಮಾರು 890ರದೆಂದು ಎಣಿಸಲಾದ ಪ್ರಸಿದ್ಧ ಶಾಸನ ಅಲ್ಲಿಯ ದೇವಾಲಯದ ಆವರಣದಲ್ಲಿದೆ. ನಾಗತ್ತರನ ಹೆಸರು ಅದರಲ್ಲಿಯೂ ಬರುತ್ತದೆ. ಒಂದೇ ಮನೆತನದ ಸುತ್ತಿನ ಎರಡು ಕಲ್ಲುಗಳಲ್ಲಿ ಒಂದು ಊರಿನಲ್ಲಿ ನಿಂತಿದೆ, ಮತ್ತೊಂದು ನಗರದ ಕಟ್ಟಡವನ್ನು ಸೇರಿದೆ. ವಸ್ತುಸಂಗ್ರಹಾಲಯದ ಗುಣದೋಷಗಳನ್ನು ತೂಗಿ ನೋಡಲು ಇದಕ್ಕಿಂತ ಅನುಕೂಲವಾದ ಜೋಡಿ ದೊರೆಯಲಾರದು.

ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದೊಯ್ಯುವುದಾದರೆ ನಾಗತ್ತರನ ಕಲ್ಲಿನ ಪಾಠವನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟಾಗ ಅದರಲ್ಲಿ ಸೇರಿದ ಹಳ್ಳಿಗಳ ಹೆಸರುಗಳು ಶಾಸನದ ಕೊನೆಯಲ್ಲಿವೆ. ಬೆಂಪೂರೇ ಈಗಿನ ಬೇಗೂರು; ಉಳಿದವುಗಳಲ್ಲಿ ಯಾವುವು ಇಂದಿನ ಯಾವ ಬಡಾವಣೆಗಳ ಹೆಸರಿನಲ್ಲಿ ಅಡಗಿವೆಯೆಂಬುದನ್ನು ಅಲ್ಲಿಯೇ ನಿಂತು, ಊರಿನ ಹಿರಿಯರನ್ನು ಕೇಳಿ ಹುಡುಕಬಹುದು.